ಪಥ್ಯಕ್ಕೆ ಒಗ್ಗದ ಬೆಕ್ಕು: ಮೂತ್ರದ ತೊಂದರೆಯ ಆಹಾರ ತಿನ್ನಿಸುವುದು ಹೇಗೆ?

ಬೆಳಗ್ಗೆ ಮೀನಿನವನ ಹಾರ್ನ್ ಕೇಳಿದ ಕೂಡಲೇ ಕುಂಬಳೆ, ಮಂಜೇಶ್ವರ ಕಡೆಯ ಮನೆಗಳಲ್ಲಿ ಮೊದಲು ಅಂಗಳಕ್ಕೆ ಇಳಿಯುವುದು ಬೆಕ್ಕು. ಕನ್ನಡದವರ ಬೆಕ್ಕಾಗಲಿ, ತುಳುವರ ಪುಚ್ಚೆಯಾಗಲಿ, ಮಲಯಾಳಿಗಳ ಪೂಚ್ಚವಾಗಲಿ, ಅದರ ಊಟ ಮಾತ್ರ ಒಂದೇ. ಬೆಳಗ್ಗೆ ಬೂತಾಯಿಯ ತಲೆ, ಬಂಗುಡೆಯ ಬಾಲ. ಮಧ್ಯಾಹ್ನ ಮೀನುಸಾರು ಕಲಸಿದ ಅನ್ನ.

ಇಂಥ ಬೆಕ್ಕಿಗೆ ಒಂದು ದಿನ ಮೂತ್ರ ಕಟ್ಟುತ್ತದೆ. ಆಸ್ಪತ್ರೆಯಲ್ಲಿ ನಳಿಗೆ ಹಾಕಿ ಮೂತ್ರ ತೆಗೆಯುತ್ತಾರೆ. ಪರೀಕ್ಷೆ ಮಾಡಿ ಹರಳು ಇದೆ ಎನ್ನುತ್ತಾರೆ. ಹೊರಡುವಾಗ ಡಾಕ್ಟರು ಒಂದು ಚೀಟಿ ಬರೆದು ಕೊಡುತ್ತಾರೆ: ಇನ್ನು ಈ ಆಹಾರ ಮಾತ್ರ, ಬೇರೇನೂ ಕೂಡದು. ಮನೆಯವರು ದುಬಾರಿ ಬೆಲೆ ಕೊಟ್ಟು ಆ ಪೊಟ್ಟಣ ತಂದು ತಟ್ಟೆಗೆ ಸುರಿದರೆ ಬೆಕ್ಕು ಒಮ್ಮೆ ಮೂಸಿ ನೋಡಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು ಎದ್ದು ಹೋಗುತ್ತದೆ.

ಆಗ ಮನೆಯ ಹಿರಿಯರು ಒಂದು ಮಾತು ಹೇಳುವುದುಂಟು: "ಹಸಿವಾದರೆ ತಾನೇ ತಿನ್ನುತ್ತದೆ, ಬಿಡಿ." ನಾಯಿಯ ಮಟ್ಟಿಗೆ ಈ ಮಾತು ಬಹುಪಾಲು ನಡೆದೀತು. ಬೆಕ್ಕಿನ ಮಟ್ಟಿಗೆ ಇದು ಅಪಾಯದ ಮಾತು. ಪಥ್ಯ ಹಿಡಿಸಲು ಹೋಗಿ ಬೆಕ್ಕನ್ನೇ ಕಳೆದುಕೊಳ್ಳುವ ಸಂಭವ ಇರುವುದು ಇಲ್ಲಿಯೇ.

ಬೆಕ್ಕನ್ನು ಉಪವಾಸ ಕೆಡವಬಾರದು ಏಕೆ?

ಬೆಕ್ಕು ಊಟ ಬಿಟ್ಟಾಗ ಅದರ ದೇಹ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ಯಕೃತ್ತಿಗೆ, ಅಂದರೆ ಲಿವರಿಗೆ ಕಳುಹಿಸುತ್ತದೆ. ಹಾಗೆ ಬಂದ ಕೊಬ್ಬನ್ನೆಲ್ಲ ಬೇಗ ಬೇಗ ಉಪಯೋಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಕಡಿಮೆ. ಕೆಲವೇ ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದು ಕೆಲಸ ನಿಲ್ಲಿಸತೊಡಗುತ್ತದೆ. ವಸಡು, ಕಿವಿಯ ಒಳಭಾಗ ಹಳದಿಯಾಗಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಬೆಕ್ಕು ಉಳಿಯುವುದು ಕಷ್ಟ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಮೂತ್ರ ಕಟ್ಟುವುದೂ ಹೆಚ್ಚಾಗಿ ಮನೆಯೊಳಗೇ ಇರುವ, ಬೀಜ ತೆಗೆಸಿದ, ಮೈತುಂಬಿದ ಗಂಡು ಬೆಕ್ಕಿಗೆ. ಆದ್ದರಿಂದ ಪಥ್ಯದ ಚೀಟಿ ಸಿಕ್ಕಿದ ಬೆಕ್ಕೇ ಉಪವಾಸ ತಡೆಯಲಾರದ ಬೆಕ್ಕೂ ಆಗಿರುತ್ತದೆ.

ಹೀಗಾಗಿ ಮೊದಲ ನಿಯಮ ಇಷ್ಟು: 24 ಗಂಟೆ ಬೆಕ್ಕು ಏನೂ ತಿನ್ನದಿದ್ದರೆ ಹಟ ಬಿಟ್ಟು, ಅದು ತಿನ್ನುವ ಹಳೆಯ ಆಹಾರವನ್ನೇ ಸ್ವಲ್ಪ ಕೊಟ್ಟು ಡಾಕ್ಟರಿಗೆ ಫೋನ್ ಮಾಡಬೇಕು. ಪಥ್ಯ ನಾಲ್ಕು ದಿನ ತಡವಾದರೂ ಸರಿ, ಬೆಕ್ಕು ಹಸಿದಿರಬಾರದು.

ಈ ಆಹಾರದಲ್ಲಿ ಏನಿದೆ?

ಬೆಕ್ಕಿನ ಮೂಲ ಆಫ್ರಿಕ ಮತ್ತು ಪಶ್ಚಿಮ ಏಷ್ಯಾದ ಒಣ ಪ್ರದೇಶದ ಕಾಡುಬೆಕ್ಕು. ಬೇಟೆಯಾಡಿದ ಇಲಿಯ ಮೈಯಲ್ಲಿರುವ ನೀರೇ ಅದಕ್ಕೆ ಮುಖ್ಯ ನೀರು. ಹೀಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಬಹಳ ಗಟ್ಟಿ. ಗಟ್ಟಿ ಮೂತ್ರದಲ್ಲಿ ಲವಣಗಳು ಹರಳುಗಟ್ಟುವುದು ಸುಲಭ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಸಪೂರ. ಹರಳು, ಲೋಳೆ ಸೇರಿ ಅಲ್ಲಿ ಬಿರಡೆಯ ಹಾಗೆ ಕೂತರೆ ದಾರಿ ಬಂದ್.

ಬೆಕ್ಕುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಕಲ್ಲು ಕಾಣುತ್ತದೆ. ಒಂದು ಸ್ಟ್ರುವೈಟ್. ಇದು ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದದ್ದು. ಇನ್ನೊಂದು ಕ್ಯಾಲ್ಸಿಯಂ ಆಕ್ಸಲೇಟ್. ಸ್ಟ್ರುವೈಟ್ ಕಲ್ಲು ಆಹಾರದಿಂದಲೇ ಕರಗುತ್ತದೆ. ಆಕ್ಸಲೇಟ್ ಕರಗುವುದಿಲ್ಲ, ತೊಂದರೆ ಕೊಟ್ಟರೆ ತೆಗೆಯಲೇ ಬೇಕು. ಮೂತ್ರಕೋಶದ ತೊಂದರೆಯಿಂದ ಬರುವ ಅನೇಕ ಬೆಕ್ಕುಗಳಲ್ಲಿ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಅಲ್ಲಿ ಹೆದರಿಕೆ, ಮನೆಯ ಬದಲಾವಣೆ, ಬೇರೆ ಬೆಕ್ಕಿನ ಕಾಟದಂಥ ಒತ್ತಡವೂ ಕಾರಣವಾಗಿ ಮೂತ್ರಕೋಶ ಬಾತುಕೊಂಡಿರುತ್ತದೆ.

ಮೂತ್ರದ ಪಥ್ಯಾಹಾರದಲ್ಲಿ ಮೆಗ್ನೀಸಿಯಂ, ರಂಜಕ ಅಳತೆಗೆ ತಕ್ಕಷ್ಟೇ ಇರುತ್ತವೆ. ಅದು ಮೂತ್ರವನ್ನು ಸ್ವಲ್ಪ ಆಮ್ಲೀಯವಾಗಿ ಇಡುತ್ತದೆ. ಬೆಕ್ಕು ಹೆಚ್ಚು ನೀರು ಕುಡಿಯಲಿ ಎಂದು ಕೆಲವು ಕಂಪನಿಗಳು ಉಪ್ಪಿನ ಅಂಶವನ್ನು ತುಸು ಏರಿಸಿರುತ್ತವೆ. ರಾಯಲ್ ಕ್ಯಾನಿನ್‌ನ ಯೂರಿನರಿ ಎಸ್/ಓ, ಹಿಲ್ಸ್‌ನ ಸಿ/ಡಿ ಮುಂತಾದವು ಈ ಜಾತಿಯವು. ಹಲವು ಬೆಕ್ಕುಗಳಲ್ಲಿ ಸ್ಟ್ರುವೈಟ್ ಕಲ್ಲು 2ರಿಂದ 4 ವಾರದಲ್ಲಿ ಕರಗುವುದುಂಟು. ಆದರೆ ಈ ಆಹಾರದ ಜತೆ ಬೇರೆ ಏನೂ ಹೊಟ್ಟೆಗೆ ಹೋಗದಿದ್ದರೆ ಮಾತ್ರ.

ಇಂಥ ಔಷಧಾಹಾರದ ಕಥೆ ಶುರುವಾದದ್ದು ನಾಯಿಯಿಂದ. 1939ರಲ್ಲಿ ಅಮೆರಿಕದ ಪಶುವೈದ್ಯ ಮಾರ್ಕ್ ಮೋರಿಸ್ ಅವರು ಕುರುಡರಿಗೆ ದಾರಿ ತೋರುವ ಬಡಿ ಎಂಬ ನಾಯಿಗೆ ಕಿಡ್ನಿ ತೊಂದರೆ ಬಂದಾಗ ಅದಕ್ಕಾಗಿ ವಿಶೇಷ ಆಹಾರ ಸಿದ್ಧಪಡಿಸಿದರು. 1948ರಲ್ಲಿ ಹಿಲ್ ಕಂಪನಿ ಅದನ್ನು ಡಬ್ಬಿಯಲ್ಲಿ ತಯಾರಿಸತೊಡಗಿತು. ಬೆಕ್ಕಿನ ಮೂತ್ರದ ಆಹಾರಗಳು ಬಂದದ್ದು ಆಮೇಲೆ. 1980ರ ದಶಕದಲ್ಲಿ ಬೆಕ್ಕಿನ ಕಲ್ಲುಗಳಲ್ಲಿ ಸ್ಟ್ರುವೈಟ್ ಪಾಲೇ ದೊಡ್ಡದಿತ್ತು. ಮೆಗ್ನೀಸಿಯಂ ಇಳಿಸಿ, ಆಮ್ಲ ಏರಿಸಿದ ಆಹಾರಗಳು ಹಬ್ಬಿದ ಮೇಲೆ ಸ್ಟ್ರುವೈಟ್ ಇಳಿದು ಆಕ್ಸಲೇಟ್ ಏರಿತು. ಅದಕ್ಕೇ ಚೀಟಿಯಿಲ್ಲದೆ, ಪಕ್ಕದ ಮನೆಯವರು ಹೇಳಿದರೆಂದು ಈ ಆಹಾರ ತರಬಾರದು. ಮರಿಗಳಿಗೆ, ಗಬ್ಬದ ಬೆಕ್ಕಿಗೆ, ಹಾಲೂಡುವ ಬೆಕ್ಕಿಗೆ ಇದು ಹೇಳಿದ್ದಲ್ಲ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಬೆಕ್ಕು ಬೇಡ ಎನ್ನುವುದು ಏಕೆ?

ಬೆಕ್ಕು ಊಟವನ್ನು ಆರಿಸುವುದು ಮೂಗಿನಿಂದ. ಸಿಹಿ ರುಚಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಬೇಕಾದ ಜೀನು ಬೆಕ್ಕಿನಲ್ಲಿ ಕೆಟ್ಟಿದೆ ಎಂಬುದು 2005ರಲ್ಲಿ ಬೆಳಕಿಗೆ ಬಂತು. ವಾಸನೆ, ಬಿಸುಪು, ಬಾಯಿಗೆ ಸಿಗುವ ಹದ ಈ ಮೂರೇ ಮುಖ್ಯ. ಮರಿಯಾಗಿದ್ದಾಗಿನಿಂದ ಮೆತ್ತಗಿನ ಮೀನು-ಅನ್ನ ತಿಂದ ಬೆಕ್ಕಿಗೆ ಗರಿಗರಿ ಕಾಳು ಆಹಾರವೆಂದೇ ಅನಿಸದು.

ಇನ್ನೊಂದು ಕಾರಣವೂ ಇದೆ. ನೋವು, ವಾಕರಿಕೆ ಇರುವಾಗ ಹೊಸ ಆಹಾರ ಕೊಟ್ಟರೆ, ಆ ಸಂಕಟಕ್ಕೆ ಆಹಾರವೇ ಕಾರಣ ಎಂದು ಬೆಕ್ಕು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಆದ್ದರಿಂದ ಆಸ್ಪತ್ರೆಯಿಂದ ಬಂದ ದಿನವೇ ಹೊಸ ತಟ್ಟೆ ಇಡಬೇಡಿ. ತುಟಿ ನೆಕ್ಕುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ಮುದುಡಿ ಕೂತಿದ್ದರೆ ಅದಕ್ಕೆ ಇನ್ನೂ ಹುಷಾರಿಲ್ಲ ಎಂದರ್ಥ. ಮೊದಲು ಅದು ತನ್ನ ಹಳೆಯ ಊಟವನ್ನು ಚೆನ್ನಾಗಿ ತಿನ್ನುವಂತಾಗಲಿ. ಮಾತ್ರೆಯನ್ನು ಹೊಸ ಆಹಾರದಲ್ಲಿ ಅಡಗಿಸಿ ಕೊಡುವುದೂ ಬೇಡ. ಒಮ್ಮೆ ಕಹಿ ಸಿಕ್ಕಿದರೆ ಆ ಆಹಾರದ ಕತೆ ಮುಗಿಯಿತು.

ಮೀನು-ಅನ್ನದಿಂದ ಪಥ್ಯದ ಕಡೆಗೆ

ಪೌಚಿನ ಮೆತ್ತಗಿನ ಆಹಾರ ಸಿಕ್ಕಿದರೆ ಅದರಿಂದಲೇ ಶುರು ಮಾಡುವುದು ಒಳ್ಳೆಯದು. ಮೀನು-ಅನ್ನಕ್ಕೆ ಅದರ ಹದ ಹತ್ತಿರ. ಕಾಳು ಮಾತ್ರ ಸಿಕ್ಕಿದರೆ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳಬಹುದು. ಮೊದಲೇ ದೊಡ್ಡ ಚೀಲ ಕೊಳ್ಳಬೇಡಿ, ಸಣ್ಣ ಪೊಟ್ಟಣ ತಂದು ನೋಡಿ.

ಮೊದಲ ಎರಡು ಮೂರು ದಿನ ಸಾರು ಬಿಡಿಸಿ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬರೀ ನೀರಿನಲ್ಲಿ ಬೇಯಿಸಿ ಮುಳ್ಳು ತೆಗೆದ ಮೀನನ್ನು ಕಿವುಚಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುವುದರಿಂದ ಹೇಗೂ ಕೊಡಬಾರದ ವಸ್ತುಗಳು.

ಆಮೇಲೆ ಹತ್ತು ಚಮಚದ ಲೆಕ್ಕ ಇಟ್ಟುಕೊಳ್ಳಿ. ಒಂಬತ್ತು ಚಮಚ ಹಳೆಯದು, ಒಂದು ಚಮಚ ಹೊಸದು. ತಟ್ಟೆ ಖಾಲಿ ಮಾಡಿದರೆ ಎರಡು ದಿನದ ನಂತರ ಹೊಸದು ಎರಡು ಚಮಚ. ಹೀಗೆ ಏರಿಸುತ್ತಾ ಹೋಗಿ. ಸಾಮಾನ್ಯ ಬೆಕ್ಕಿಗೆ 7ರಿಂದ 10 ದಿನ ಸಾಕು ಎನ್ನುತ್ತಾರೆ. ಚುಪ್ಪಾಣಿ ಬೆಕ್ಕಿಗೆ ಮೂರು ನಾಲ್ಕು ವಾರ ಹಿಡಿದರೂ ಆಶ್ಚರ್ಯವಿಲ್ಲ. ಯಾವ ಹಂತದಲ್ಲಾದರೂ ತಟ್ಟೆ ಬಿಟ್ಟರೆ ಒಂದು ಹೆಜ್ಜೆ ಹಿಂದೆ ಬಂದು, ಎರಡು ದಿನ ಅಲ್ಲೇ ನಿಂತು ಮತ್ತೆ ಮುಂದೆ ಹೋಗಿ. ಕಲ್ಲು ಕರಗಿಸಲೆಂದೇ ಆಹಾರ ಬರೆದಿದ್ದರೆ ಎಷ್ಟು ಬೇಗ ಬದಲಿಸಬೇಕು ಎಂದು ಡಾಕ್ಟರನ್ನೇ ಕೇಳಿ.

ಕೆಲವು ಬೆಕ್ಕುಗಳು ಬೆರೆಸಿದ್ದನ್ನು ಕಂಡರೆ ಎರಡನ್ನೂ ಬಿಡುತ್ತವೆ. ಅಂಥವಕ್ಕೆ ಬೆರೆಸಬೇಡಿ. ಹಳೆಯ ತಟ್ಟೆಯ ಪಕ್ಕದಲ್ಲಿ ಇನ್ನೊಂದು ತಟ್ಟೆಯಲ್ಲಿ ಹೊಸದನ್ನು ಸ್ವಲ್ಪ ಇಟ್ಟು ಸುಮ್ಮನಿರಿ. ನಾಲ್ಕು ದಿನ ಅದರ ವಾಸನೆ ಅಭ್ಯಾಸವಾದ ಮೇಲೆ ಒಂದು ದಿನ ತಾನಾಗಿ ಬಾಯಿ ಹಾಕುವುದುಂಟು. ಆಮೇಲೆ ಹಳೆಯ ತಟ್ಟೆಯಲ್ಲಿ ಪ್ರಮಾಣ ಇಳಿಸಿ.

ಇನ್ನು ಕೆಲವು ಸಣ್ಣ ವಿಷಯಗಳು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪೌಚ್ ಯಾವ ಬೆಕ್ಕಿಗೂ ರುಚಿಸದು. ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಉಗುರುಬೆಚ್ಚಗೆ ಮಾಡಿ ಕೊಡಿ. ಆಗತಾನೇ ಹಿಡಿದ ಇಲಿಯ ಬಿಸುಪು ಅದಕ್ಕೆ ಸರಿ. ಆಳವಾದ ಬಟ್ಟಲಿಗಿಂತ ಅಗಲವಾದ ತಟ್ಟೆ ಮೇಲು. ದಿನವಿಡೀ ಆಹಾರ ಇಟ್ಟಿರಬೇಡಿ. ಹೊತ್ತಿಗೆ ಸರಿಯಾಗಿ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಟ್ಟು, ಅರ್ಧ ಗಂಟೆಯ ನಂತರ ಉಳಿದದ್ದನ್ನು ತೆಗೆಯಿರಿ. ಇರುವೆ ಬಿದ್ದ ತಟ್ಟೆಯನ್ನು ಬೆಕ್ಕು ಮುಟ್ಟುವುದಿಲ್ಲ, ಆದ್ದರಿಂದ ಅದನ್ನು ನೀರು ತುಂಬಿದ ದೊಡ್ಡ ತಟ್ಟೆಯ ನಡುವೆ ಇಡಿ. ಮಳೆಗಾಲದಲ್ಲಿ ಕಾಳು ಬೇಗ ಮೆತ್ತಗಾಗಿ ವಾಸನೆ ಕಳೆದುಕೊಳ್ಳುತ್ತದೆ. ಪೊಟ್ಟಣದ ಸಮೇತ ಗಾಳಿಯಾಡದ ಡಬ್ಬದಲ್ಲಿಡಿ. ಮಾಡಿನ ಕೆಳಗೆ ತೂಗುಹಾಕಿದ ಒಣಮೀನಿನ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಯಾವ ಪಥ್ಯವೂ ನಡೆಯದು, ಅದನ್ನು ಬೇರೆ ಕಡೆ ಇಡಿ.

ಇಷ್ಟೆಲ್ಲ ಮಾಡಿದರೂ ಒಲ್ಲೆ ಎಂದರೆ ಡಾಕ್ಟರಿಗೆ ಹೇಳಿ. ಬೇರೆ ಕಂಪನಿಯ ಅದೇ ಬಗೆಯ ಆಹಾರದ ರುಚಿ ಬೇರೆ ಇರುತ್ತದೆ. ಒಂದನ್ನು ಬಿಟ್ಟ ಬೆಕ್ಕು ಇನ್ನೊಂದನ್ನು ತಿಂದೀತು. ಹಸಿವು ಹೆಚ್ಚಿಸಲು ಮಿರ್ಟಾಜಪೀನ್‌ನಂಥ ಔಷಧಿಯೂ ಇದೆ. ಅದನ್ನು ಅಳತೆ ಗೊತ್ತಿರುವ ಡಾಕ್ಟರೇ ಕೊಡಬೇಕು. ಬಾಯಿ ಬಿಡಿಸಿ ತುರುಕುವುದು ಮಾತ್ರ ಬೇಡ.

ನೀರೇ ಅರ್ಧ ಔಷಧಿ

ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಊಟದ್ದೂ ಸೇರಿ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಬೇಕು. ಪೌಚಿನ ಆಹಾರದಲ್ಲಿ ನೂರಕ್ಕೆ 75ರಿಂದ 80 ಭಾಗ ನೀರೇ. ಒಣ ಕಾಳಿನಲ್ಲಿ ಹತ್ತು ಭಾಗದಷ್ಟು ಮಾತ್ರ. ಕಲ್ಲಿಲ್ಲದೆ ಮೂತ್ರಕೋಶ ಬಾತ ಬೆಕ್ಕುಗಳಿಗೆ ಒಂದೇ ಬಗೆಯ ಪಥ್ಯವನ್ನು ಎರಡು ರೂಪದಲ್ಲಿ ಕೊಟ್ಟು ನೋಡಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ತೊಂದರೆ ಮರುಕಳಿಸಿದ್ದು ಡಬ್ಬಿಯ ಆಹಾರ ತಿಂದವುಗಳಲ್ಲಿ ಶೇ. 11, ಒಣ ಆಹಾರ ತಿಂದವುಗಳಲ್ಲಿ ಶೇ. 39. ಕಾಳು ಕೊಡುವವರು ಅದಕ್ಕೆ ನೀರು ಬೆರೆಸಿ ಕೊಡುವುದರಲ್ಲಿ ಅರ್ಥವಿದೆ. ಮನೆಯ ಎರಡು ಮೂರು ಕಡೆ, ಊಟದ ತಟ್ಟೆಯಿಂದ ದೂರದಲ್ಲಿ, ಅಗಲ ಬಾಯಿಯ ಪಾತ್ರೆಯಲ್ಲಿ ದಿನವೂ ಹೊಸ ನೀರಿಡಿ.

ಹೊರಗಿನ ಮೀನು

ಹಳ್ಳಿಯಲ್ಲಿ ಪಥ್ಯ ಕೆಡುವುದು ಹೆಚ್ಚಾಗಿ ಮನೆಯ ಹೊರಗೆ. ನೀವು ಲೆಕ್ಕ ಹಾಕಿ ಕೊಟ್ಟರೂ ಪಕ್ಕದ ಮನೆಯ ಅಕ್ಕ ಮೀನು ಕೊಯ್ಯುವಾಗ ಪ್ರೀತಿಯಿಂದ ಒಂದು ತಲೆ ಎಸೆಯುತ್ತಾರೆ. ತಲೆ, ಮುಳ್ಳುಗಳಲ್ಲಿ ರಂಜಕ, ಕ್ಯಾಲ್ಸಿಯಂ ಧಾರಾಳ. ಮನೆಯಲ್ಲಿ ಪಥ್ಯ ಬೇಡವೆನ್ನುವ ಬೆಕ್ಕು ಅಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದಿರಲೂಬಹುದು. ಆದ್ದರಿಂದ ಕೆಲವು ವಾರ ಬೆಕ್ಕನ್ನು ಒಳಗೇ ಇರಿಸಿ, ನೆರೆಹೊರೆಯವರಿಗೆ ವಿಷಯ ತಿಳಿಸಿ. ಮರಳು ಹಾಕಿದ ಟ್ರೇ ಒಂದನ್ನು ಮೂಲೆಯಲ್ಲಿಟ್ಟರೆ ಅದು ಎಷ್ಟು ಸಲ, ಎಷ್ಟು ಮೂತ್ರ ಮಾಡಿತು ಎಂಬುದೂ ಗೊತ್ತಾಗುತ್ತದೆ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಬೇರೆ ಕೋಣೆಯಲ್ಲಿ ಊಟ ಹಾಕಿ.

ವಾರಕ್ಕೊಮ್ಮೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಅಡಿಕೆ, ಮೆಣಸು ತೂಗುವ ಯಂತ್ರದಲ್ಲೇ ತೂಗಿ ಬರೆದಿಡಿ. ನಾಲ್ಕು ಕಿಲೋ ಇದ್ದದ್ದು 200 ಗ್ರಾಂ ಇಳಿದರೆ ಡಾಕ್ಟರಿಗೆ ತಿಳಿಸಿ.

ಇವನ್ನು ಮಾಡಬೇಡಿ

ಮನುಷ್ಯರ ಮೂತ್ರದ ಕಲ್ಲಿಗೆ ನಮ್ಮ ಕಡೆ ಬಾಳೆದಿಂಡಿನ ರಸ, ಎಳನೀರು, ಬಾರ್ಲಿ ನೀರು ಕುಡಿಸುವ ರೂಢಿ ಇದೆ. ಮೂತ್ರ ಕಟ್ಟಿದ ಬೆಕ್ಕಿಗೆ ಇವನ್ನು ಕುಡಿಸಬೇಡಿ. ದಾರಿ ಮುಚ್ಚಿದಾಗ ರಕ್ತದಲ್ಲಿ ಪೊಟಾಸಿಯಂ ಏರುತ್ತದೆ, ಹೃದಯ ನಿಲ್ಲುವುದು ಅದರಿಂದಲೇ. ಎಳನೀರು, ಬಾಳೆದಿಂಡು ಎರಡರಲ್ಲೂ ಪೊಟಾಸಿಯಂ ಇದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮೂತ್ರ ಆಮ್ಲೀಯವಾಗಲಿ ಎಂದು ಲಿಂಬೆರಸ, ವಿನೆಗರ್ ಬೆರೆಸುವುದೂ ಬೇಡ.

ಯಾವಾಗ ಓಡಬೇಕು?

ಪಥ್ಯ ನಡೆಯುತ್ತಿದ್ದಾಗಲೇ ಮತ್ತೆ ಮೂತ್ರ ಕಟ್ಟುವುದುಂಟು. ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕುತ್ತಿದ್ದರೆ, ಹನಿಯೂ ಬಾರದಿದ್ದರೆ, ಕೂಗುತ್ತಿದ್ದರೆ, ಹಿಂಭಾಗವನ್ನು ನೆಕ್ಕುತ್ತಲೇ ಇದ್ದರೆ ಮನೆಯವರು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸಲು ಹೊರಡುತ್ತಾರೆ. ಗಂಡು ಬೆಕ್ಕಾದರೆ ಅದು ಮೂತ್ರ ಕಟ್ಟಿದ್ದು ಎಂದೇ ತಿಳಿಯಿರಿ. ವಾಂತಿ, ಸುಸ್ತು ಬಂತೆಂದರೆ ಹೊತ್ತು ಮೀರುತ್ತಿದೆ. ಪೂರ್ತಿ ಕಟ್ಟಿದ ಬೆಕ್ಕು ಎರಡು ಮೂರು ದಿನದಲ್ಲಿ ಸಾಯುತ್ತದೆ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಇದಲ್ಲ.

ಗಡಿಯಲ್ಲಿ ಫೋನಿನ ಆ ಕಡೆ ಇರುವವರಿಗೆ ಕನ್ನಡ ಬಾರದಿರಬಹುದು. ಅಂಥ ಗಡಿಬಿಡಿಯಲ್ಲಿ ಹೇಳಬೇಕಾದದ್ದು ಒಂದೇ ಮಾತು. ಮಲಯಾಳದಲ್ಲಿ "ಪೂಚ್ಚಯ್ಕ್ ಮೂತ್ರಂ ಪೋಕುನ್ನಿಲ್ಲ". ತಮಿಳಿನಲ್ಲಿ "ಪೂನೈಕ್ಕು ಸಿರುನೀರ್ ಪೋಗವಿಲ್ಲೈ". ಮರಾಠಿಯಲ್ಲಿ "ಮಾಂಜರಾಲಾ ಲಘವೀ ಹೋತ ನಾಹೀ". ತೆಲುಗಿನಲ್ಲಿ "ಪಿಲ್ಲಿಕಿ ಮೂತ್ರಂ ರಾವಡಂ ಲೇದು". ಇದರ ಜತೆ ಗಂಡೋ ಹೆಣ್ಣೋ, ಎಷ್ಟು ಗಂಟೆಯಿಂದ ಹೀಗೆ ಎಂಬುದನ್ನು ಹೇಳಿದರೆ ಸಾಕು. ಊರಿನ ಪಶು ಆಸ್ಪತ್ರೆಯಲ್ಲಿ ದನಗಳಿಗೇ ಹೆಚ್ಚಿನ ವ್ಯವಸ್ಥೆ ಇರುವುದುಂಟು. ಬೆಕ್ಕಿಗೆ ನಳಿಗೆ ಹಾಕುವ ಸೌಕರ್ಯ ಹತ್ತಿರದಲ್ಲಿ ಎಲ್ಲಿದೆ ಎಂದು ಬೆಕ್ಕು ಚೆನ್ನಾಗಿರುವಾಗಲೇ ಕೇಳಿ, ನಂಬರು ಬರೆದಿಡಿ. ವಯನಾಡಿನ ಪೂಕೋಡು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳೂ ಇವೆ.

ಖರ್ಚು ತಡೆಯದಿದ್ದರೆ

ಈ ಆಹಾರದ ಬೆಲೆ ಎಲ್ಲರಿಗೂ ಎಟುಕುವಂಥದ್ದಲ್ಲ. ಹಾಗೆಂದು ಚೀಟಿಯನ್ನು ಮೂಲೆಗೆ ಎಸೆದು ಸುಮ್ಮನಾಗಬೇಡಿ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಸ್ಟ್ರುವೈಟ್ ಕಲ್ಲಾದರೆ ಕರಗುವವರೆಗೆ ಪಥ್ಯ ಬೇಕೇ ಬೇಕು. ಕರಗಿದ್ದು ಎಕ್ಸರೇಯಲ್ಲಿ ಖಾತ್ರಿಯಾದ ಮೇಲೆ ಮುಂದೆ ಎಷ್ಟು ಕಾಲ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಕಲ್ಲಿಲ್ಲದ, ಬಾವು ಮಾತ್ರ ಇರುವ ಬೆಕ್ಕಿಗೆ ಸಾಧಾರಣ ಮೆತ್ತಗಿನ ಆಹಾರ, ಹೆಚ್ಚು ನೀರು, ತೂಕ ಇಳಿಸುವುದು, ಗಲಾಟೆ ಇಲ್ಲದ ಮೂಲೆ, ಶುಚಿಯಾದ ಟ್ರೇ ಇವುಗಳಿಂದಲೂ ಬಹಳಷ್ಟು ಗುಣ ಸಿಗುತ್ತದೆ. ಯಾವ ಜಾತಿಯ ತೊಂದರೆ ಎಂಬುದು ಗೊತ್ತಿದ್ದರೆ ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ ಎಂಬುದೂ ಗೊತ್ತಾಗುತ್ತದೆ.

ಒಂದು ಚಮಚದಿಂದ ಶುರುವಾದ ಪಥ್ಯ ತಿಂಗಳೊಳಗೆ ಹತ್ತು ಚಮಚಕ್ಕೆ ಬಂದರೆ ಅದೇ ದೊಡ್ಡ ಗೆಲುವು. ಅಲ್ಲಿಯವರೆಗೆ ಮೀನಿನವನ ಹಾರ್ನ್ ಕೇಳಿ ಬೆಕ್ಕು ಬಾಗಿಲ ಬಳಿ ಕೂತು ಅತ್ತರೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬಾಗಿಲು ತೆರೆಯುವುದು ಬೇಡ. ಆದರೆ ತಟ್ಟೆಯೂ ಖಾಲಿ ಇರುವುದು ಬೇಡ.